ಸಂಸಾರದ ವ್ಯಾಜ್ಯವೂ ವಕೀಲರ ಫೀಯೂ

ಮಗಳಿಗೆ ವರನನ್ನು ಗೊತ್ತುಮಾಡುವಾಗ ನಾವು ಹೊಲದ ಸರ್ವೆ ನಂಬರನ್ನೂ ಬಾವಿಯ ನೀರನ್ನೂ ವಿಚಾರಿಸುತ್ತೇವೆ. ದ್ರಾಕ್ಷಿಯ ತೋಟದ ಮೇಲೆ ಸಾಲವೆಷ್ಟಿರುವದೆಂಬದನ್ನು ಅಡತಿಯ ಅಂಗಡಿಯಿಂದ ಗುಟ್ಟಾಗಿ ತಿಳಿದುಕೊಳ್ಳುತ್ತೇವೆ. ಅದೇ ಮಗಳು ನಾಲ್ಕು ವರ್ಷಗಳ ತರುವಾಯ ಕೂಸನ್ನೆತ್ತಿಕೊಂಡು ತವರುಮನೆಯ ಬಾಗಿಲಲ್ಲಿ ಬಂದು ನಿಂತಾಗ, ಅವಳ ಪರವಾಗಿ ನ್ಯಾಯಾಲಯದಲ್ಲಿ ಮಾತಾಡತಕ್ಕ ವಕೀಲರು ಯಾರು, ಅವರು ತೆಗೆದುಕೊಳ್ಳುವ ಫೀ ಎಷ್ಟು, ಅದನ್ನು ಕೊಡಲಾರದವರಿಗೆ ಗತಿಯೇನು ಎಂಬದನ್ನು ಮಾತ್ರ ಯಾರನ್ನೂ ಕೇಳುವದಿಲ್ಲ. ಕೇಳಿದರೆ ಮನೆತನದ ಮಾನ ಬೀದಿಗೆ ಬರುವದೆಂಬ ಭಯ. ಈ ಭಯದ ಬೆಲೆಯನ್ನು ತೆರುವವರು ಮಾನವಂತರಲ್ಲ. ಆ ಮಗಳೇ ತೆರಬೇಕು.

ಸಾಹಿತ್ಯಸಂಘದ ಮಾಸಪತ್ರಿಕೆಯಲ್ಲಿ ವಕೀಲರ ಫೀಯ ಮಾತೇಕೆಂದು ಹುಬ್ಬೇರಿಸುವ ವಾಚಕ ಮಹಾಶಯರು ಕೆಲವರಿರಬಹುದು. ಹಿಂದೂ ಕುಟುಂಬದ ದಾಯವಿಭಾಗಕ್ಕೆ ಭಾರತದ ಬಹುಭಾಗದಲ್ಲಿ ಪ್ರಮಾಣವೆನಿಸಿದ ಮಿತಾಕ್ಷರೆಯು ಹುಟ್ಟಿದ್ದು ನಮ್ಮ ಕನ್ನಡ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ. ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ವ್ಯಾಖ್ಯಾನ ಬರೆಯುತ್ತ ಸ್ತ್ರೀಧನವೆಂದರೆ ಯಾವುದು, ಅದು ಯಾರಿಗೆ ಸೇರತಕ್ಕದ್ದು ಎಂಬುದನ್ನು ಸವಿಸ್ತಾರವಾಗಿ ವಿಚಾರಿಸಿದನು. ಹೆಂಗಸಿನ ಪೆಟ್ಟಿಗೆಯೊಳಗಿನ ಒಡವೆಯ ಮಾತೆತ್ತಿದ್ದರಿಂದ ಅವನ ಪಾಂಡಿತ್ಯಕ್ಕೆ ಕುಂದು ಬಂದಿತೆಂದು ಈವರೆಗೆ ಯಾರೂ ಹೇಳಿಲ್ಲ. ಆದಕಾರಣ ನಾನೂ ಸಂಕೋಚವಿಲ್ಲದೆ ಬರೆಯುತ್ತೇನೆ.

ನಾನು ಸಾಧಿಸಬೇಕೆಂದಿರುವದು ಒಂದೇ ಸಂಗತಿ. ಸಂಸಾರದ ವ್ಯಾಜ್ಯದಲ್ಲಿ ಸಿಕ್ಕ ಹೆಂಗಸಿಗೆ ಫೀ ಇಲ್ಲದೆ ವಕೀಲರನ್ನು ಒದಗಿಸತಕ್ಕದ್ದೆಂದು ಈ ದೇಶದ ಕಾಯಿದೆಯು ಮೂರು ದಶಕಗಳಿಂದ ಹೇಳುತ್ತಲಿದೆ. ಆ ಮಾತು ತಿಕೋಟಾ ಬಬಲೇಶ್ವರಗಳ ಮನೆಗಳಿಗೆ ಮುಟ್ಟದಂತೆ ನಡುವೆ ನಿಂತಿರುವದು ಕಾಯಿದೆಯ ಕೊರತೆಯಲ್ಲ. ಫೀಯನ್ನು ಬರಿಯ ಬಾಯಿಮಾತಿನಲ್ಲಿ ಇಟ್ಟುಕೊಂಡಿರುವ ವಕೀಲವರ್ಗದ ರೂಢಿ, ಮತ್ತು ದಾರಿ ಬಲ್ಲವರಾಗಿದ್ದೂ ದಾರಿ ತೋರಿಸದ ವಿದ್ಯಾವಂತ ಮನೆತನಗಳ ಮೌನ.

ಮೊದಲು ವಕೀಲರನ್ನು ಹುಡುಕುವ ಬಗೆಯನ್ನೇ ನೋಡೋಣ. ತಿಕೋಟಾ ಮತ್ತು ಬಬಲೇಶ್ವರಗಳು ಹಳೆಯ ವಿಜಯಪುರ ತಾಲೂಕಿನಿಂದ ಬೇರ್ಪಟ್ಟು 2018ರ ಸುಮಾರಿಗೆ ಹೊಸ ತಾಲೂಕುಗಳಾದವು. ತಹಶೀಲ್ದಾರರ ಕಚೇರಿಯು ಹತ್ತಿರ ಬಂದಿತು, ಹೊಲದ ಉತಾರಕ್ಕಾಗಿ ಶಹರಕ್ಕೆ ಓಡುವದು ತಪ್ಪಿತು, ಸಂತೋಷ. ಆದರೆ ಸೋಡಚೀಟಿ, ಪೋಟಗಿ, ಕೂಸಿನ ಪಾಲನೆ ಮುಂತಾದ ವ್ಯವಹಾರಗಳಿಗೆ ಕುಟುಂಬ ನ್ಯಾಯಾಲಯವಿರುವ ವಿಜಯಪುರಕ್ಕೇ ಬರಬೇಕು. ಪೋಟಗಿಯೆಂದರೆ ಈಗಿನ ಸರಕಾರಿ ಭಾಷೆಯಲ್ಲಿ ಜೀವನಾಂಶ, ಸೋಡಚೀಟಿಯೆಂದರೆ ವಿಚ್ಛೇದನ. ಹೆಸರು ಬದಲಾದವು, ಸಂಕಟವು ಅದೇ. 2023ರ ಜೂನ್ 11ರಿಂದ ರಾಜ್ಯದೊಳಗಿನ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಖರ್ಚು ತಪ್ಪಿರುವದು ನಿಜ. ಜೊತೆಗೆ ಬರುವ ತಂದೆಗೆ ಅದು ತಪ್ಪಿಲ್ಲ, ತೋಟದ ಕೆಲಸದ ದಿನಗಳಲ್ಲಿ ಇಬ್ಬರ ಕೂಲಿಯೂ ಹೋಗುವದು. ಹೀಗೆ ಬಸ್ ನಿಲ್ದಾಣದಲ್ಲಿ ಇಳಿದ ತಂದೆ ಮಗಳಿಗೆ ವಕೀಲರ ಹೆಸರನ್ನು ಹೇಳುವವರು ಯಾರು?

ವಕೀಲರು ಜಾಹೀರಾತಿನ ಮೂಲಕ ಕೆಲಸವನ್ನು ಬೇಡಕೂಡದೆಂದು ಭಾರತೀಯ ವಕೀಲರ ಪರಿಷತ್ತಿನ ಮೂವತ್ತಾರನೆಯ ನಿಯಮವು ವಿಧಿಸುತ್ತದೆ. 2008ರಲ್ಲಿ ಅದನ್ನು ತುಸು ಸಡಿಲಿಸಿ, ಅಂತರ್ಜಾಲದಲ್ಲಿ ಹೆಸರು, ವಿಳಾಸ, ವಿದ್ಯಾರ್ಹತೆಗಳನ್ನು ಕಾಣಿಸಬಹುದೆಂದರು. ನಿಯಮದ ಉದ್ದೇಶವು ಗೌರವದ್ದೇ, ವಕೀಲಿಯು ಅಂಗಡಿಯಲ್ಲ. ಆದರೆ ಫಲಕವಿಲ್ಲದ ಬೀದಿಯಲ್ಲಿ ದಾರಿ ತೋರಿಸಲು ದಲಾಲನು ಹುಟ್ಟಿಕೊಳ್ಳುತ್ತಾನೆ. ಈ ದಲಾಲರ ಪಟ್ಟಿಯನ್ನು ಮಾಡಿ ಅವರನ್ನು ನ್ಯಾಯಾಲಯದ ಆವಾರದಿಂದ ಹೊರಗಿಡುವ ಅಧಿಕಾರವು 1879ರ ಕಾಯಿದೆಯಲ್ಲಿಯೇ ಇದ್ದಿತು. 2023ರ ತಿದ್ದುಪಡಿಯು ಅದನ್ನು ವಕೀಲರ ಕಾಯಿದೆಯೊಳಕ್ಕೆ ತಂದಿತು. ಇಷ್ಟು ವರ್ಷಗಳ ತರುವಾಯವೂ ಅಂಥ ನಿಯಮವು ಬೇಕಾಯಿತೆಂಬದೇ ರೋಗದ ಆಯುಷ್ಯವನ್ನು ಹೇಳುತ್ತದೆ. ದಲಾಲನಿಲ್ಲದಲ್ಲಿ ಬೀಗರ ಬೀಗರಿದ್ದಾರೆ, ಸ್ವಜಾತಿಯ ಮುಖಂಡರಿದ್ದಾರೆ. ಹೊಲದ ಗಡಿಯ ದಾವೆಯಲ್ಲಿ ಗೆದ್ದುಕೊಟ್ಟ ವಕೀಲರ ಬಳಿಗೆ ಮಗಳ ಪೋಟಗಿಯ ಕಾಗದವನ್ನು ಒಯ್ಯುವದು ಸರ್ವೇಸಾಮಾನ್ಯ. ಕಣ್ಣಿನ ವೈದ್ಯರಿಗೆ ಹಲ್ಲನ್ನು ತೋರಿಸಿದ ಹಾಗೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಮಗಳ ವ್ಯವಹಾರದಲ್ಲಿ ನಾಲ್ಕು ವರ್ಷ ಅಲೆದಾಡಿದನು. ವಕೀಲರ ಹೆಸರಾಗಲಿ ಅವನ ಹೆಸರಾಗಲಿ ಇಲ್ಲಿ ಬೇಡ. ಮೊದಲನೆಯ ದಿನ ವಕಾಲತ್ತಿನ ಕಾಗದಕ್ಕೆಂದು ಹಣ ಕೊಟ್ಟನು. ಅರ್ಜಿಯ ಟೈಪಿಗೆ ಬೇರೆ. ನೋಟೀಸು ಹೊರಡಿಸಲು ಕಾರಕೂನನ ಕೈಗೆ ಬೇರೆ. ಆಮೇಲೆ ಪ್ರತಿಯೊಂದು ತಾರೀಖಿಗೆ ಇಷ್ಟೆಂದು. ಎದುರು ಪಕ್ಷದವರು ಮುದ್ದತು ಕೇಳಿದ ದಿನವೂ ಅಷ್ಟೇ. ಮಧ್ಯಂತರ ಪೋಟಗಿಯ ಹುಕುಮು ಆಯಿತು, ಗಂಡನು ಕೊಡಲಿಲ್ಲ. ಬಾಕಿಯ ವಸೂಲಿಗೆ ಮತ್ತೊಂದು ಅರ್ಜಿ, ಅದಕ್ಕೆ ಮತ್ತೊಂದು ಫೀ. ಬಾಕಿ ವಸೂಲಿಯ ವಾರಂಟಿಗಾಗಿ ಅದು ಸಲ್ಲತಕ್ಕ ದಿನದಿಂದ ಒಂದು ವರ್ಷದೊಳಗೆ ಕೇಳಿಕೊಳ್ಳಬೇಕೆಂಬ ನಿರ್ಬಂಧವು ಕಾಯಿದೆಯಲ್ಲಿರುವದನ್ನು ಅವನಿಗೆ ಯಾರೂ ಹೇಳಲಿಲ್ಲ; ಕೆಲವು ತಿಂಗಳ ಹಣದ ವಸೂಲಿಯು ಹಾಗೆಯೇ ಕೈತಪ್ಪಿತು. ಒಟ್ಟು ಎಷ್ಟು ಕೊಟ್ಟಿರುವಿಯೆಂದು ನಾನು ಕೇಳಿದೆನು. ಅವನಿಗೆ ಲೆಕ್ಕವೇ ಗೊತ್ತಿರಲಿಲ್ಲ; ಒಂದು ಪಾವತಿಯೂ ಅವನಲ್ಲಿರಲಿಲ್ಲ. ರಸಗೊಬ್ಬರದ ಚೀಲಕ್ಕೆ ಪಾವತಿ ಕೇಳಿ ಪಡೆಯುವ ರೈತನು ವಕೀಲರ ಮುಂದೆ ಕೈಕಟ್ಟಿ ನಿಂತನು. ಈ ನಾಲ್ಕು ವರ್ಷಗಳಲ್ಲಿ ಅವನು ತನ್ನ ಮಗಳಿಗಾಗಿ ಒಂದು ದಮ್ಮಡಿಯನ್ನಾದರೂ ಕೊಡಬೇಕಾದ ಕಾರಣವೇ ಇರಲಿಲ್ಲ ಎಂಬದು ನನ್ನ ವಾದದ ಮುಖ್ಯಾಂಶ.

ಯಾಕಂದರೆ ಕಾಯಿದೆಯು ಹೇಳುವದು ಹೀಗೆ. ಆರ್ಥಿಕ ದುರ್ಬಲತೆಯ ಕಾರಣದಿಂದ ಯಾರಿಗೂ ನ್ಯಾಯವು ತಪ್ಪಕೂಡದು, ಅದಕ್ಕಾಗಿ ರಾಜ್ಯವು ಉಚಿತವಾದ ಕಾನೂನು ನೆರವನ್ನು ಒದಗಿಸಬೇಕು ಎಂದು ಸಂವಿಧಾನಕ್ಕೆ 1976ರ ತಿದ್ದುಪಡಿಯಿಂದ 39 ಎ ಎಂಬ ವಿಧಿಯನ್ನು ಸೇರಿಸಿದರು. ಅದನ್ನು ಕಾರ್ಯರೂಪಕ್ಕೆ ತರಲು 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಾಯಿತು. ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ ಹನ್ನೆರಡನೆಯ ಕಲಮು ಯಾರು ಯಾರಿಗೆ ಈ ನೆರವು ಸಲ್ಲತಕ್ಕದ್ದೆಂದು ಎಣಿಸುತ್ತದೆ: ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಕಾರ್ಖಾನೆಯ ಕೆಲಸಗಾರರು, ಬಂಧನದಲ್ಲಿರುವವರು, ಬರ ನೆರೆಗಳಿಗೆ ಸಿಕ್ಕವರು, ಸರಕಾರವು ಗೊತ್ತುಪಡಿಸಿದ ವರಮಾನಕ್ಕಿಂತ ಕಡಿಮೆಯುಳ್ಳವರು. ಇವರೆಲ್ಲರ ನಡುವೆ, ಬೇರೊಂದು ವಿಶೇಷಣವಿಲ್ಲದೆ, ‘ಹೆಂಗಸು ಅಥವಾ ಮಗು’ ಎಂಬ ಅರ್ಥದ ಒಂದು ಪದಪುಂಜವಿದೆ. ವ್ಯಾಕರಣವನ್ನು ಬಲ್ಲವರು ಇದನ್ನು ಗಮನಿಸಬೇಕು. ಬಡ ಹೆಂಗಸೆಂದಿಲ್ಲ, ವಿಧವೆಯೆಂದಿಲ್ಲ, ಅಕ್ಷರ ಬಾರದವಳೆಂದಿಲ್ಲ. ವರಮಾನದ ಮಿತಿಯು ಬೇರೊಂದು ಉಪಕಲಮಿನ ಮಾತು. ಅದು ಇವಳಿಗೆ ಅನ್ವಯಿಸುವದಿಲ್ಲ. ಅವಳ ಮಾತಿನಲ್ಲಿ ಮೇಲುನೋಟಕ್ಕೆ ಸತ್ಯಾಂಶವಿರುವದೆಂದು ಪ್ರಾಧಿಕಾರಕ್ಕೆ ತೋರಿದರಾಯಿತು. ವಕೀಲರ ಫೀ ಮಾತ್ರವಲ್ಲ, ನ್ಯಾಯಾಲಯದ ಶುಲ್ಕ, ಅರ್ಜಿಯ ಬರವಣಿಗೆ, ಸಾಕ್ಷಿಗಳ ಖರ್ಚು ಮುಂತಾದವೂ ಆ ನೆರವಿನಲ್ಲಿ ಸೇರಿದವು. ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರಾಗಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿಯನ್ನು ಕೊಡುವದು, ಅಥವಾ ಊರಿನಲ್ಲಿ ಕುಳಿತೇ 15100 ಎಂಬ ಸಂಖ್ಯೆಗೆ ದೂರವಾಣಿ ಮಾಡುವದು, ಇಷ್ಟೇ ಮೊದಲನೆಯ ಹೆಜ್ಜೆ.

ಧನಾಢ್ಯ ರಾಷ್ಟ್ರವಾದ ಇಂಗ್ಲೆಂಡಿನಲ್ಲಿ 2012ರ ಕಾಯಿದೆಯಿಂದ ಗಂಡ ಹೆಂಡಿರ ಖಾಸಗಿ ವ್ಯಾಜ್ಯಗಳಿಗೆ ಸಿಗುತ್ತಿದ್ದ ಸರಕಾರಿ ನೆರವನ್ನು ಬಹುಮಟ್ಟಿಗೆ ಕಿತ್ತುಹಾಕಿದರು. ಹಿಂಸೆಗೆ ಗುರಿಯಾದವರು ಅದರ ಪುರಾವೆಯನ್ನೊದಗಿಸಿದರೆ ಉಂಟು. ಅಲ್ಲಿ ಕಳೆದುಕೊಂಡದ್ದಕ್ಕಾಗಿ ಗೋಳಾಡುವರು. ಇಲ್ಲಿ ಕೈಯಲ್ಲಿರುವದನ್ನು ಕಾಣುವವರೇ ವಿರಳ.

ಇಷ್ಟು ಹೇಳಿದ ಕೂಡಲೆ ನಮ್ಮ ಪಡಸಾಲೆಗಳಲ್ಲಿ ಒಂದು ಉತ್ತರವು ಸಿದ್ಧವಾಗಿರುತ್ತದೆ: ‘ಪುಕ್ಕಟೆ ವಕೀಲರಿಂದ ಆಗುವದೇನು ಮಾಸ್ತರರೇ? ಪುಕ್ಕಟೆಯದಕ್ಕೆ ಬೆಲೆಯಿಲ್ಲ.’ ಈ ಮಾತನ್ನು ಆಡುವವರಲ್ಲಿ ಎಷ್ಟು ಜನರು ಆ ಕಚೇರಿಯ ಮೆಟ್ಟಿಲನ್ನು ಹತ್ತಿ ನೋಡಿದ್ದಾರೆ? ರಾಷ್ಟ್ರೀಯ ಪ್ರಾಧಿಕಾರವು 2010ರಲ್ಲಿ ಮಾಡಿದ ನಿಯಮಾವಳಿಯ ಹೆಸರೇ ‘ಉಚಿತ ಮತ್ತು ಸಮರ್ಥ ಕಾನೂನು ಸೇವೆ’ ಎಂದು. ಆ ಎರಡನೆಯ ವಿಶೇಷಣವನ್ನು ಅಲಂಕಾರಕ್ಕಾಗಿ ಇಟ್ಟದ್ದಲ್ಲ. ಮೂರು ವರ್ಷಗಳ ಅನುಭವವಿಲ್ಲದವರನ್ನು ಸಾಮಾನ್ಯವಾಗಿ ಪಟ್ಟಿಗೆ ಸೇರಿಸಕೂಡದು. ಪಟ್ಟಿಯ ವಕೀಲರು ಪಕ್ಷಗಾರರಿಂದ ಫೀಯನ್ನಾಗಲಿ ಕಾಣಿಕೆಯನ್ನಾಗಲಿ ಕೇಳಕೂಡದು, ಪಡೆಯಕೂಡದು. ಪಟ್ಟಿಯಲ್ಲಿರುವವರೊಳಗೆ ಇಂಥವರು ಬೇಕೆಂದು ಕೇಳಿಕೊಳ್ಳುವದಕ್ಕೂ ಅಡ್ಡಿಯಿಲ್ಲ. ಪಟ್ಟಿಯ ವಕೀಲರಿಗೆ ಸರಕಾರವು ಕೊಡುವ ಸಂಭಾವನೆ ಅಲ್ಪವೆಂಬದು ನಿಜ. ಅಲ್ಪ ಸಂಭಾವನೆಗೆ ಅಲ್ಪ ಮನಸ್ಸಿನಿಂದ ದುಡಿಯುವವರು ಕೆಲವರಿರುವದೂ ನಿಜ. ಆದರೆ ನಾನು ನಲವತ್ತು ವರ್ಷಗಳ ಹತ್ತಿರ ಹತ್ತಿರ ಪಾಠ ಹೇಳಿದವನು. ಸರಕಾರಿ ಶಾಲೆಯಲ್ಲಿ ಫೀ ಇಲ್ಲವೆಂಬ ಮಾತ್ರಕ್ಕೆ ಅಲ್ಲಿ ವಿದ್ಯೆಯಿಲ್ಲವೆಂದು ಸಾರಿದವರ ಮಕ್ಕಳೇ ಊರಿನ ಶಾಲೆಯನ್ನು ಬರಿದುಮಾಡಿದರು. ಬರಿದಾದ ಮೇಲೆ, ನೋಡಿರಿ ನಾವು ಹೇಳಲಿಲ್ಲವೇ ಅಂದರು. ಅದೇ ತರ್ಕವನ್ನು ಇಲ್ಲಿಯೂ ಹೂಡುತ್ತಲಿದ್ದಾರೆ. ನೂರು ಮನೆತನಗಳು ಆ ಕಚೇರಿಗೆ ಹೋಗಿ ತಮ್ಮ ಹಕ್ಕನ್ನು ಕೇಳಿ, ಸರಿಯಾಗಿ ನಡೆಯದಿದ್ದಾಗ ಬರವಣಿಗೆಯಲ್ಲಿ ದೂರಿಕೊಂಡರೆ, ಪಟ್ಟಿಯು ತಾನೇ ಸುಧಾರಿಸುವದು.

ನೆರವಿನ ಕಚೇರಿಗೆ ಹೋಗದೆ, ತಮ್ಮ ವಕೀಲರನ್ನು ತಾವೇ ನಿಯಮಿಸಿಕೊಳ್ಳುವವರಿಗೂ ಕಾಯಿದೆಯು ಒಂದು ಉಪಾಯವನ್ನಿಟ್ಟಿದೆ. 1955ರ ಹಿಂದೂ ವಿವಾಹ ಕಾಯಿದೆಯ ಇಪ್ಪತ್ನಾಲ್ಕನೆಯ ಕಲಮಿನ ಮೇರೆಗೆ, ಸ್ವಂತ ಆದಾಯವು ಸಾಲದ ಪಕ್ಷಕ್ಕೆ ವ್ಯಾಜ್ಯದ ಖರ್ಚನ್ನು ಎದುರು ಪಕ್ಷದಿಂದಲೇ ಕೊಡಿಸಬಹುದು. 2001ರ ತಿದ್ದುಪಡಿಯು ಇಂಥ ಅರ್ಜಿಯನ್ನು ನೋಟೀಸು ಮುಟ್ಟಿದ ಅರವತ್ತು ದಿನಗಳೊಳಗೆ, ಸಾಧ್ಯವಾದಮಟ್ಟಿಗೆ, ತೀರ್ಮಾನಿಸಬೇಕೆಂದಿತು. ಪೋಟಗಿಯ ಅರ್ಜಿಯಲ್ಲಿಯೂ, ಅಂದರೆ ಹಿಂದಿನ 125ನೆಯ ಕಲಮು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು, ಇದರಲ್ಲಿಯೂ ಮಧ್ಯಂತರ ಪೋಟಗಿಯೊಡನೆ ಖರ್ಚನ್ನು ಬೇಡಲು ಅವಕಾಶವಿದೆ. ಈ ಕಲಮು ಎಲ್ಲ ಮತದ ಹೆಂಗಸರಿಗೂ ಸಲ್ಲುವದು. ವಿಚ್ಛೇದಿತಳಾದ ಮುಸಲ್ಮಾನ ಹೆಂಗಸಿಗೂ ಸಲ್ಲುವದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಜುಲೈ 10ರಂದು ಪುನಃ ಸ್ಪಷ್ಟಪಡಿಸಿತು. ಗಂಡನ ಆದಾಯವು ಗುಟ್ಟಾಗಿಯೇ ಉಳಿಯುತ್ತಿದ್ದ ಕಷ್ಟಕ್ಕೆ 2020ರ ನವೆಂಬರಿನ ರಜನೀಶ ವಿರುದ್ಧ ನೇಹಾ ತೀರ್ಪು ಮದ್ದನ್ನು ಕೊಟ್ಟಿತು. ಉಭಯ ಪಕ್ಷದವರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರವನ್ನು ಸಲ್ಲಿಸಲೇಬೇಕು, ಪೋಟಗಿಯು ಅರ್ಜಿಯ ದಿನದಿಂದಲೇ ಸಲ್ಲತಕ್ಕದ್ದು. ಇವು ಗುಪ್ತವಿದ್ಯೆಯಲ್ಲ. ಆದರೂ ಮೊದಲ ಭೇಟಿಯಲ್ಲಿಯೇ ಇದನ್ನು ಬಿಡಿಸಿ ಹೇಳುವ ವಕೀಲರು ಎಷ್ಟು ಮಂದಿಯೆಂಬದನ್ನು ವಾಚಕರು ತಮ್ಮ ತಮ್ಮ ಅನುಭವದಿಂದ ಎಣಿಸಿಕೊಳ್ಳಲಿ.

ಇನ್ನು ವಕೀಲ ಮಿತ್ರರ ಆಕ್ಷೇಪ. ನನ್ನ ಕೆಲವು ಶಿಷ್ಯರೇ ಆ ವೃತ್ತಿಯಲ್ಲಿರುವದರಿಂದ ಅದನ್ನು ನಾನು ಎದುರಾ ಎದುರು ಕೇಳಿರುವೆನು. ‘ವ್ಯಾಜ್ಯವೆಂಬದು ಬಟ್ಟೆಯ ಥಾನಲ್ಲ ಗುರುಗಳೇ, ಮೊಳಕ್ಕಿಷ್ಟೆಂದು ಹೇಳಲು, ಎಷ್ಟು ತಾರೀಖು ನಡೆಯುವದೋ ಯಾರು ಬಲ್ಲರು?’ ಎನ್ನುವರು. ಉತ್ತರವು ಅವರ ಪ್ರಶ್ನೆಯಲ್ಲಿಯೇ ಇದೆ. ಉಭಯ ಸಮ್ಮತಿಯ ವಿಚ್ಛೇದನಕ್ಕೆ ಬೇಕಾಗುವ ಶ್ರಮವೂ ಸಾಕ್ಷಿ, ಪಾಟೀಸವಾಲುಗಳಿಂದ ನಡೆಯುವ ವ್ಯಾಜ್ಯದ ಶ್ರಮವೂ ಒಂದೇ ಅಲ್ಲವಾದ್ದರಿಂದಲೇ ಅವುಗಳ ಫೀಯನ್ನು ಬೇರೆ ಬೇರೆಯಾಗಿ, ಹಂತ ಹಂತವಾಗಿ ಮೊದಲೇ ಹೇಳಬೇಕು: ಅರ್ಜಿ ಬರೆದು ಸಲ್ಲಿಸುವವರೆಗೆ ಇಷ್ಟು, ಮಧ್ಯಂತರ ಅರ್ಜಿಗೆ ಇಷ್ಟು, ಸಾಕ್ಷಿಯ ಕಾಲಕ್ಕೆ ಇಷ್ಟು, ವಸೂಲಿಗೆ ಇಷ್ಟು. ಮನೆ ಕಟ್ಟುವ ಗವಂಡಿಗೂ ಮಳೆ ಯಾವಾಗ ಬರುವದೆಂಬದು ಗೊತ್ತಿರುವದಿಲ್ಲ. ಆದರೂ ಬುನಾದಿಗೆ ಎಷ್ಟು, ಮಾಳಿಗೆಗೆ ಎಷ್ಟು ಎಂದು ಅವನು ಹೇಳುತ್ತಾನೆ.

ಪ್ರಾಚೀನರ ಮಾತು ಬೇಕಾದರೆ ಶುಕ್ರನೀತಿಯನ್ನು ನೋಡಬಹುದು. ಆ ಗ್ರಂಥದ ಕಾಲವು ವಿವಾದಾಸ್ಪದವೆಂಬದನ್ನು ಬಲ್ಲೆನು. ಕೆಲವರು ಅದನ್ನು ತೀರ ಈಚಿನದೆನ್ನುವರು. ಹೇಗಿದ್ದರೂ ಅದರಲ್ಲಿ ವಾದಿಯ ಪರವಾಗಿ ಮಾತಾಡುವ ನಿಯೋಗಿಯ ಭೃತಿಯನ್ನು, ವ್ಯವಹಾರದ ಬೆಲೆಯ ಹದಿನಾರನೆಯ ಪಾಲಿನಿಂದ ಮೊದಲ್ಗೊಂಡು ನೂರರವತ್ತನೆಯ ಪಾಲಿನವರೆಗೆ, ಬೆಲೆ ಏರಿದಂತೆ ಪಾಲು ಇಳಿಯುವಂತೆ ಗೊತ್ತುಪಡಿಸಿದೆ. ಮೀರಿ ತೆಗೆದುಕೊಂಡವನನ್ನು ಅರಸನು ದಂಡಿಸತಕ್ಕದ್ದೆಂದಿದೆ. ಈಗಿನ ನಿಯಮದಲ್ಲಿ ಪಾಲಿನ ಪದ್ಧತಿಗೆ ಎಡೆಯಿಲ್ಲ. ಫಲದ ಮೇಲೆ ಫೀಯನ್ನು ಕಟ್ಟುವದನ್ನೂ ಬಂದ ಹಣದಲ್ಲಿ ಪಾಲು ಪಡೆಯುವದನ್ನೂ ವಕೀಲರ ಪರಿಷತ್ತಿನ ಇಪ್ಪತ್ತನೆಯ ನಿಯಮವು ನಿಷೇಧಿಸಿದೆ. 2017ರ ಡಿಸೆಂಬರಿನಲ್ಲಿ ಬಿ. ಸುನೀತಾ ಎಂಬವರ ಪ್ರಕರಣದಲ್ಲಿ, ಅಪಘಾತದ ಪರಿಹಾರಧನದ ಮೇಲೆ ನೂರಕ್ಕಿಷ್ಟೆಂದು ಫೀ ಕೇಳಿದ್ದನ್ನು ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿ, ಫೀಯ ನಿಯಂತ್ರಣವನ್ನು ಕುರಿತು ಸರಕಾರವು ವಿಚಾರಿಸತಕ್ಕದ್ದೆಂಬ ಅಭಿಪ್ರಾಯವನ್ನು ಕೊಟ್ಟಿತು. ಹೀಗಿದ್ದೂ, ಗಂಡನು ಒಮ್ಮೆಲೇ ಕೊಟ್ಟ ಇಡಿಗಂಟಿನಲ್ಲಿ ‘ನಮ್ಮ ಪಾಲು’ ಎಂಬ ಮಾತು ಕೋರ್ಟಿನ ಕಟ್ಟೆಯ ಮೇಲೆ ಕೇಳಬರುವದು ನಿಂತಿಲ್ಲ. ಫೀ ಕೊಡುವವರೆಗೆ ಕಾಗದಪತ್ರಗಳನ್ನು ಹಿಂದಕ್ಕೆ ಕೊಡುವದಿಲ್ಲವೆಂದು ಹೆದರಿಸುವದೂ ಸಲ್ಲದು. ವಕೀಲರಿಗೆ ಪಕ್ಷಗಾರರ ಕಾಗದಗಳ ಮೇಲೆ ಅಂಥ ಹಿಡಿತವಿಲ್ಲವೆಂದು ಆರ್. ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲಿಯೇ ತೀರ್ಪಾಗಿದೆ. ಪಕ್ಷಗಾರರ ಹಣಕ್ಕೆ ಲೆಕ್ಕವಿಡಬೇಕೆಂಬದೂ, ಪೂರ್ತಿ ಫೀ ಕೊಡಲಾರದವರಿಗೂ ನಿಜವಾಗಿ ವಕೀಲರು ಬೇಕಿದ್ದರೆ ನೆರವು ಸಲ್ಲತಕ್ಕದ್ದೆಂಬದೂ ಅವರದೇ ನಿಯಮಗಳು. ನಾನು ಹೊಸದಾಗಿ ಹೇರುತ್ತಿರುವದಲ್ಲ. ಇತ್ತೀಚೆಗೆ, 2024ರ ಮೇ 14ರಂದು, ವಕೀಲರ ಸೇವೆಯು ಗ್ರಾಹಕ ಸಂರಕ್ಷಣೆಯ ಕಾಯಿದೆಯೊಳಗೆ ಬರುವದಿಲ್ಲವೆಂದು ನಿರ್ಣಯವಾಯಿತು. ವೃತ್ತಿಯ ಗೌರವಕ್ಕೆ ಅದು ತಕ್ಕದ್ದಿರಬಹುದು. ಆದರೆ ಗ್ರಾಹಕರ ಆಯೋಗದ ಬಾಗಿಲು ಮುಚ್ಚಿದ ಮೇಲೆ, ಮೊದಲ ದಿನದ ಬರಹ ಮತ್ತು ಪ್ರತಿ ಸಲದ ಪಾವತಿ, ಇವೆರಡನ್ನು ಬಿಟ್ಟರೆ ತಿಕೋಟಾದ ರೈತನ ಕೈಯಲ್ಲಿ ಉಳಿಯುವ ಆಧಾರವು ಬೇರೆ ಯಾವುದು?

ಮೂರನೆಯ ಪಕ್ಷದವರು ಎಲ್ಲರಿಗಿಂತಲೂ ಮಾನ್ಯರು. ಅವರು ಊರ ಹಿರಿಯರು. ‘ವಕೀಲರೂ ಬೇಡ, ಕೋರ್ಟೂ ಬೇಡ, ಕಟ್ಟೆಯ ಮೇಲೆ ಕುಳಿತು ಬಗೆಹರಿಸೋಣ’ ಎನ್ನುವದು ಅವರ ವಾದ. ಒಡೆದ ಮನಸ್ಸುಗಳು ಕೂಡುವದಾದರೆ ಕಟ್ಟೆಯಾದರೇನು, ಮಠವಾದರೇನು, ಅದಕ್ಕಿಂತ ಪುಣ್ಯದ ಕೆಲಸವಿಲ್ಲ. ಆದರೆ ಕೂಡಿಸಲಾಗದಾಗ ಅವರು ಮಾಡುವದೇನು? ಸ್ಟಾಂಪು ಕಾಗದದ ಮೇಲೆ ಸೋಡಚೀಟಿಯನ್ನು ಬರೆಸಿ, ನೋಟರಿಯ ಮುದ್ರೆಯನ್ನೊತ್ತಿಸಿ, ‘ಇನ್ನು ಮುಂದೆ ಪೋಟಗಿ ಕೇಳುವದಿಲ್ಲ’ ಎಂಬ ಸಾಲಿನ ಕೆಳಗೆ ಆ ಹುಡುಗಿಯ ಹೆಬ್ಬೆಟ್ಟನ್ನೋ ಸಹಿಯನ್ನೋ ಪಡೆಯುವರು. ಆಯಾ ಸಮಾಜದಲ್ಲಿ ರೂಢಿಯ ವಿಚ್ಛೇದನವು ಇದ್ದದ್ದೆಂದು ಸಿದ್ಧಪಡಿಸಿದ ಹೊರತು, ಹಿಂದೂಗಳ ಮದುವೆಯು ಅಂಥ ಕಾಗದದಿಂದ ಮುರಿಯುವದಿಲ್ಲ. ಮುರಿಯಿತೆಂದು ನಂಬಿ ಆಕೆ ಮರುಮದುವೆಯಾದರೆ ಆ ಎರಡನೆಯ ಮದುವೆಯೇ ಅಸಿಂಧುವಾಗುವದು. ಇತ್ತ ಗಂಡನಿಲ್ಲ, ಅತ್ತ ಹೆಂಡತಿಯೆಂಬ ಹಕ್ಕಿಲ್ಲ. ಪೋಟಗಿಯನ್ನು ಬಿಟ್ಟುಕೊಟ್ಟ ಆ ಸಾಲೂ ನ್ಯಾಯಾಲಯದಲ್ಲಿ ಅವಳ ಬಾಯನ್ನು ಕಟ್ಟಲಾರದು; ಆದರೆ ಅದನ್ನು ಹೇಳಿಕೊಡುವವರು ಅವಳಿಗೆ ಬೇಕಲ್ಲ! ಹಿರಿಯರ ಸೌಜನ್ಯವು ಅಗ್ಗವೆಂದು ತೋರುವದು. ಅದರ ಖರ್ಚು ಹತ್ತು ವರ್ಷಗಳ ಮೇಲೆ ಬರುವದು. ಸಂಧಾನವೇ ಬೇಕಿದ್ದರೆ ಅದಕ್ಕೂ ಕಾಯಿದೆಯಲ್ಲಿ ಸ್ಥಳವಿದೆ: ರಾಜಿಗೆ ಮೊದಲು ಯತ್ನಿಸತಕ್ಕದ್ದೆಂದು 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯು ನ್ಯಾಯಾಧೀಶರನ್ನೇ ಬಂಧಿಸಿದೆ. ಲೋಕ ಅದಾಲತ್ತಿನಲ್ಲಿ ಪೋಟಗಿಯ ರಾಜಿಯಾದರೆ ಅದು ಡಿಕ್ರಿಯ ಬಲವನ್ನು ಪಡೆಯುವದು.

ಅದೇ 1984ರ ಕಾಯಿದೆಯ ಹದಿಮೂರನೆಯ ಕಲಮನ್ನು ಹಿಡಿದು, ಕುಟುಂಬ ನ್ಯಾಯಾಲಯದಲ್ಲಿ ವಕೀಲರೇ ಬೇಕಿಲ್ಲವೆಂದು ವಾದಿಸುವ ಬುದ್ಧಿವಂತರೂ ಉಂಟು. ವಕೀಲರ ಮೂಲಕವೇ ನಡೆಯುವ ಹಕ್ಕು ಅಲ್ಲಿ ಯಾರಿಗೂ ಇಲ್ಲವೆಂದೂ, ಬೇಕೆ��ಿಸಿದರೆ ನ್ಯಾಯಾಲಯವು ತನಗೆ ಸಹಾಯಕನಾಗಿ ಕಾನೂನು ಬಲ್ಲವನನ್ನು ಕರೆಯಿಸಿಕೊಳ್ಳಬಹುದೆಂದೂ ಆ ಕಲಮಿನಲ್ಲಿರುವದು ನಿಜ. ಆದರೆ ಅನುಮತಿ ಪಡೆದು ವಕೀಲರು ಬರುವದೇ ರೂಢಿಯಾಗಿದೆ. ಗಂಡನ ಪರವಾಗಿ ನುರಿತವರೊಬ್ಬರು ನಿಂತಾಗ ಹೆಂಡತಿಗೆ ಮಾತ್ರ ‘ನಿನಗೆ ವಕೀಲರೇಕೆ’ ಎನ್ನುವದು ಯಾವ ಸಮಾನತೆ? ಮುಪ್ಪಿನ ತಂದೆತಾಯಿಗಳ ಪೋಟಗಿಯ ಮಾತು ಬೇರೆ. 2007ರ ಹಿರಿಯ ನಾಗರಿಕರ ಕಾಯಿದೆಯ ಮೇರೆಗೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅವರು ತಾವೇ ಅರ್ಜಿ ಕೊಡಬಹುದು. ಅಲ್ಲಿ ವಕೀಲರಿಗಾಗಿ ಹುಡುಕಾಡಬೇಕಾದ ಕಾರಣವಿಲ್ಲ. ನನ್ನ ವಯಸ್ಸಿನ ವಾಚಕರು ಇದನ್ನು ಗುರುತುಹಾಕಿಕೊಳ್ಳಲಿ.

ನಮ್ಮ ಸೀಮೆಯವರಿಗೆ ಮತ್ತೊಂದು ವಿಶೇಷ ತೊಡಕಿದೆ. ತಿಕೋಟಾದ ಪಶ್ಚಿಮಕ್ಕೆ ಹೋದರೆ ಮಹಾರಾಷ್ಟ್ರದ ಜತ್ತ ತಾಲೂಕು; ಅಲ್ಲಿ ಕನ್ನಡ ಮಾತಾಡುವ ಹಳ್ಳಿಗಳು ಬಹಳ. ಹೆಣ್ಣು ಕೊಡುವದು ತರುವದು ರಾಜ್ಯದ ಗಡಿಯನ್ನು ನೋಡಿ ನಡೆಯುವದಿಲ್ಲ. ಕೋರ್ಟು ಮಾತ್ರ ಗಡಿಯನ್ನು ನೋಡುತ್ತದೆ. ಗಂಡನು ಸಾಂಗಲಿ ಜಿಲ್ಲೆಯ ನ್ಯಾಯಾಲಯದಲ್ಲಿ ಸೋಡಚೀಟಿಯ ಅರ್ಜಿ ಹಾಕಿದರೆ, ಮರಾಠಿಯ ನೋಟೀಸು ತಿಕೋಟಾದ ಮನೆಗೆ ಬರುವದು. ಆ ವ್ಯಾಜ್ಯವನ್ನು ವಿಜಯಪುರಕ್ಕೆ ವರ್ಗಾಯಿಸಿಕೊಳ್ಳಬೇಕಾದರೆ ಕಲಬುರಗಿಯ ಪೀಠಕ್ಕೆ ಹೋದರೆ ನಡೆಯುವದಿಲ್ಲ. ರಾಜ್ಯದಿಂದ ರಾಜ್ಯಕ್ಕೆ ವರ್ಗಾಯಿಸುವ ಅಧಿಕಾರವು ದಿಲ್ಲಿಯ ಸರ್ವೋಚ್ಚ ನ್ಯಾಯಾಲಯದ್ದು. ದ್ರಾಕ್ಷಿಯ ತೋಟದ ಕೂಲಿಯವಳು ದಿಲ್ಲಿಯಲ್ಲಿ ವಕೀಲರನ್ನು ಹುಡುಕುವದು ಹೇಗೆ? ಇಲ್ಲಿಯೂ ಅದೇ ಹನ್ನೆರಡನೆಯ ಕಲಮು ಅವಳ ಕೈಹಿಡಿಯುವದು, ಯಾಕಂದರೆ ಸರ್ವೋಚ್ಚ ನ್ಯಾಯಾಲಯಕ್ಕೂ ತನ್ನದೇ ಕಾನೂನು ಸೇವೆಗಳ ಸಮಿತಿಯಿದೆ. ಇದಕ್ಕಿಂತ ಸುಲಭವಾದ ದಾರಿಯೂ ಉಂಟು: 2003ರ ತಿದ್ದುಪಡಿಯ ಮೇರೆಗೆ ಹೆಂಡತಿಯು ತಾನಿರುವ ಊರಿನ ನ್ಯಾಯಾಲಯದಲ್ಲಿಯೇ ತನ್ನ ವಿವಾಹದ ಅರ್ಜಿಯನ್ನು ಸಲ್ಲಿಸಬಹುದು. ಗಂಡನು ಮೊದಲು ಹೊರಡುವ ತನಕ ಕಾಯುತ್ತ ಕುಳಿತವರಿಗೆ ದಿಲ್ಲಿ. ಸಕಾಲದಲ್ಲಿ ಕೇಳಿ ತಿಳಿದವರಿಗೆ ವಿಜಯಪುರ.

ವಕೀಲವರ್ಗವನ್ನು ನಾನು ದ್ವೇಷಿಸುವವನೆಂದು ಯಾರೂ ತಿಳಿಯಕೂಡದು. ವಚನಗಳು ಮಠಗಳ, ಮನೆಗಳ ಕಟ್ಟುಗಳೊಳಗೆ ಹುದುಗಿದ್ದ ಕಾಲದಲ್ಲಿ ಅವನ್ನು ಹುಡುಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಅಚ್ಚುಮಾಡಿಸಿ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಹೊರಡಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಇದೇ ಊರಿನ ವಕೀಲರು. ಕೆಲವರ ಕೈಯಲ್ಲಿದ್ದುದನ್ನು ಎಲ್ಲರ ಕೈಗೆ ತರುವದಕ್ಕಾಗಿ ತಮ್ಮ ಗಳಿಕೆಯನ್ನು ಸುರಿದವರು ಅವರು. ಅವರ ಊರಿನ ವಕೀಲರನ್ನು ನಾನು ಕೇಳುವದು ಅದರ ನೂರರಲ್ಲಿ ಒಂದು ಪಾಲಿನ ಔದಾರ್ಯವನ್ನೂ ಅಲ್ಲ. ಸಂಸಾರದ ವ್ಯಾಜ್ಯವನ್ನು ಕೈಕೊಳ್ಳುವ ಪ್ರತಿಯೊಬ್ಬರೂ ವಕಾಲತ್ತಿಗೆ ಸಹಿ ಪಡೆಯುವ ಮುನ್ನ, ಹಂತ ಹಂತದ ಫೀಯನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ಪಕ್ಷಗಾರರಿಗೆ ಕೊಡಲಿ, ತೆಗೆದುಕೊಂಡ ಪ್ರತಿಯೊಂದು ಹಣಕ್ಕೂ ಪಾವತಿಯನ್ನು ಕೊಡಲಿ, ಬಂದವಳು ಹೆಂಗಸಾಗಿದ್ದರೆ, ‘ತಾಯೀ, ನಿನಗೆ ಫೀ ಇಲ್ಲದೆ ವಕೀಲರು ಸಿಗುವ ಕಚೇರಿಯು ಇದೇ ಆವಾರದಲ್ಲಿದೆ, ಅಲ್ಲಿಗೆ ಬೇಕಾದರೆ ಹೋಗು, ನನ್ನನ್ನೇ ಬೇಕೆಂದರೆ ಫೀ ಇಷ್ಟು’ ಎಂದು ಒಂದು ಮಾತನ್ನು ಹೇಳಲಿ. ಅದನ್ನು ಕೇಳಿದ ಮೇಲೆಯೂ ಅವರನ್ನೇ ಆರಿಸಿಕೊಳ್ಳುವವರು ಅನೇಕರಿರುವರು. ಸಮರ್ಥರಿಗೆ ಅದರಿಂದ ನಷ್ಟವೇನೂ ಇಲ್ಲ.

ನಮ್ಮ ಸಂಘದ ಮನೆತನಗಳಿಗೆ ನನ್ನ ಬಿನ್ನಹವು ಬೇರೆಯಾಗಿದೆ. ತಿಕೋಟಾ, ಬಬಲೇಶ್ವರಗಳ ಗ್ರಂಥಾಲಯಗಳಲ್ಲಿಯೂ, ಪ್ರತಿ ಶಾಲೆಯ ಗೋಡೆಯ ಮೇಲೂ, ಹೆಣ್ಣುಮಕ್ಕಳು ಸೇರುವ ಸಂಘಗಳಲ್ಲಿಯೂ ಒಂದು ಹಾಳೆಯು ತೂಗಬೇಕು: ಯಾರಿಗೆ ಉಚಿತ ನೆರವು ಸಲ್ಲುವದು, ಅರ್ಜಿಯನ್ನು ಎಲ್ಲಿ ಕೊಡಬೇಕು, ಯಾವ ಯಾವ ಕಾಗದಗಳನ್ನು ಒಯ್ಯಬೇಕು, ವಕೀಲರನ್ನು ಮೊದಲ ದಿನ ಏನೇನು ಕೇಳಬೇಕು, ಪೋಟಗಿಯ ಬಾಕಿಯನ್ನು ಎಷ್ಟು ದಿನಗಳೊಳಗೆ ಬೇಡಬೇಕು. ಅಂಥದೊಂದು ಹಾಳೆಯ ಕರಡನ್ನು ನಾನು ಬರೆದು ಸಂಪಾದಕರಲ್ಲಿ ಕೊಟ್ಟಿರುವೆನು. ಸಂಘದ ಸದಸ್ಯರಾದ ವಕೀಲರು ಅದನ್ನು ಓದಿ, ಕಾಯಿದೆಯ ಮಾತಿನಲ್ಲಿ ತಿದ್ದತಕ್ಕದ್ದೇನಾದರೂ ಇದ್ದರೆ ತಿದ್ದಿಕೊಡಬೇಕು. ಅದನ್ನು ತೂಗಹಾಕುವದೇ ತಪ್ಪೆನ್ನುವವರಿದ್ದರೆ, ಅವರು ತಮ್ಮ ಕಾರಣಗಳನ್ನು ಹೆಸರಿನೊಡನೆ ಇದೇ ಪತ್ರಿಕೆಗೆ ಬರೆಯಲಿ. ಮುಂದಿನ ಸಂಚಿಕೆಯಲ್ಲಿ ಉತ್ತರಿಸುವೆನು.